ಮುಂದಿನ ಫೋರ್ಕು, ಹಿಂದಿನ ಸೀಟು

ಆಗ ಬಳ್ಳಾರಿಯಲ್ಲಿ ಅದಿರಿನ ದುಡ್ಡು ಹೊಳೆಯಾಗಿ ಹರಿಯುತ್ತಿತ್ತಂತೆ. ಪಾರ್ವತಿನಗರದ ಹಿಂದಿನ ಓಣಿಯಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಬಂದದ್ದು ಅದರ ಕೆಂಪು ಧೂಳು ಮಾತ್ರ. ನನ್ನ ಹೆಂಡತಿ ಕುರುಗೋಡಿನ ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕದ ಟೀಚರು. ಬಸ್ಸುಗಳು ಲಾರಿ ಸಾಲಿನ ಹಿಂದೆ ಸಿಕ್ಕಿಕೊಂಡು ಮನಸ್ಸು ಬಂದಾಗ ಬರುತ್ತಿದ್ದವು. ಒಂದು ವಾರದಲ್ಲಿ ಮೂರು ದಿನ ತಡವಾಗಿ ಹೋದಳೆಂದು, ಇನ್ನೊಂದು ಸಲ ಹೀಗಾದರೆ ಬರುವುದೇ ಬೇಡ ಎಂದು ಶಾಲೆಯವರು ಹೇಳಿಬಿಟ್ಟರು. ಅವಳಿಗೆ ಆ ಶಾಲೆ ಎಂದರೆ ಪ್ರಾಣ. ನನಗೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಭತ್ತದ ತೇವ ನೋಡುವ ಕೆಲಸವಿತ್ತು. ಅವಳನ್ನು ಕುರುಗೋಡಿನಲ್ಲಿ ಇಳಿಸಿ, ಸುತ್ತು ಹಾಕಿ ಸಿರುಗುಪ್ಪಕ್ಕೆ ಹೋದರಾಯಿತು ಎಂದು ಒಂದು ಹಳೆಯ ಸಣ್ಣ ಕ್ರೂಸರ್ ಬೈಕು ತಂದೆ.

ತಗ್ಗು ಸೀಟು, ಅಗಲವಾದ ಹ್ಯಾಂಡಲ್, ಮುಂದಿನ ಚಕ್ರವನ್ನು ಹಿಡಿದು ಮುಂದಕ್ಕೆ ಚಾಚಿದ ಫೋರ್ಕು. ನಿಂತಾಗ ರಾಜನಂತಿದ್ದ ಗಾಡಿ ರಸ್ತೆಗೆ ಇಳಿದ ಮೇಲೆ ಬಣ್ಣ ಬಯಲು ಮಾಡಿತು. ಕುಡತಿನಿ ಕಡೆ ದಾರಿ ಕಟ್ಟಿದಾಗಲೆಲ್ಲ ಅದಿರು ಲಾರಿಗಳು ನಮ್ಮ ರಸ್ತೆಗೆ ತಿರುಗಿ ಡಾಂಬರನ್ನು ಕಿತ್ತು ತಿಂದಿದ್ದವು. ಪ್ರತಿ ಗುಂಡಿಗೂ ಫೋರ್ಕು ಕುಸಿದು ಠಣ್ಣೆಂದು ತಳ ಬಡಿಯುತ್ತಿತ್ತು. ಸಂಜೆಗೆ ನನ್ನ ಮುಂಗೈ ಊದಿ, ತುತ್ತು ಎತ್ತಲೂ ಆಗುತ್ತಿರಲಿಲ್ಲ.

ಓಣಿಯವರು ಒಬ್ಬ ಮೇಸ್ತ್ರಿಯನ್ನು ತೋರಿಸಿದರು. ವಯಸ್ಸಾದ ಸಾಬರು. ಅರ್ಧ ಆಯುಷ್ಯ ಲಾರಿಗಳಿಗೆ ಸ್ಪ್ರಿಂಗ್ ಪಟ್ಟಿ ಕಟ್ಟಿ, ಲಾರಿ ಕೆಳಗೆ ಮಲಗುವುದು ಕಷ್ಟವಾದ ಮೇಲೆ ಬೈಕಿಗೆ ಕೈ ಹಚ್ಚಿದವರು. ಆ ಕಾಲದ ಬಳ್ಳಾರಿಯಲ್ಲಿ ಸ್ಪ್ರಿಂಗಿನ ವಿದ್ಯೆ ಎಂದರೆ ಇಷ್ಟೇ: ಕುಸಿಯಿತೇ, ಇನ್ನೊಂದು ಪಟ್ಟಿ ಹಾಕು. ಮಿತಿ ಮೀರಿ ಹೇರುವ ಊರಿಗೆ ಬೇರೆ ವಿದ್ಯೆ ಬೇಕಿರಲಿಲ್ಲ.

"ಮುಂದ ಗಟ್ಟಿ ಮಾಡಿದ್ರ ಆತು ಸಾರ್. ಗಾಡಿ ತಲಿ ಎತ್ತಿ ನಡೀತೈತಿ" ಎಂದರು.

ಮೊದಲ ಸಲ ಫೋರ್ಕಿಗೆ ದಪ್ಪ ಆಯಿಲ್ ಸುರಿದರು. ಎರಡನೆಯ ಸಲ ಒಳಗಿನ ಸ್ಪ್ರಿಂಗಿನ ತಲೆಯ ಮೇಲೆ ಪೈಪಿನ ತುಂಡು ಇಟ್ಟು ಬಿಗಿದರು. ಅಷ್ಟಕ್ಕೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಮೂರನೆಯ ಸಲ ಫೋರ್ಕಿನ ಕೊಳವೆಗಳನ್ನೇ ಚಕ್ರದ ಕಡೆಗೆ ಕೆಳಕ್ಕೆ ಜಾರಿಸಿ ಗಾಡಿಯ ಮುಂಭಾಗ ಎತ್ತರ ಮಾಡಿಸಿದೆ, ಹ್ಯಾಂಡಲನ್ನು ಎದೆಯ ಹತ್ತಿರಕ್ಕೆ ಎಳೆಸಿದೆ, ಹಿಡಿಗೆ ಸ್ಪಂಜು ಸುತ್ತಿಸಿದೆ. ಮುಂಗೈ ನೋವು ಮಾಯವಾಯಿತು. ಗಿರಣಿಯಲ್ಲಿ ಸಿಕ್ಕವರಿಗೆಲ್ಲ ನನ್ನ ಫೋರ್ಕಿನ ಪುರಾಣ ಹೇಳಿದ್ದೇ ಹೇಳಿದ್ದು.

ಅವಳನ್ನು ಇಳಿಸುವಾಗ "ಈಗ ಹೆಂಗೈತಿ?" ಎಂದು ಕೇಳುತ್ತಿದ್ದೆ. "ಚಲೋ ಐತಿ" ಎಂದು ಸೀರೆಯ ಧೂಳು ಕೊಡವಿ ಗೇಟಿನೊಳಗೆ ಹೋಗುತ್ತಿದ್ದಳು. ಒಂದೇ ಒಂದು ಸಲ "ಹಿಂದಕ್ಕ ಜಾರಿದಂಗ ಆಗ್ತೈತಿ" ಅಂದಳು. "ಇಷ್ಟೆಲ್ಲ ಮಾಡಿಸೀನಿ, ಅದರಾಗೂ ಕೊಂಕು ತಗೀಬ್ಯಾಡ" ಎಂದು ಹರಿಹಾಯ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಹೀಗೇ ಎರಡು ವರ್ಷ ನಡೆಯಿತು. ಒಂದು ಮಧ್ಯಾಹ್ನ ಗಿರಣಿಗೆ ಫೋನ್ ಬಂತು. ತರಗತಿಯಲ್ಲಿ ಕುರ್ಚಿಯಿಂದ ಏಳಲಾಗದೆ ಕೂತುಬಿಟ್ಟಿದ್ದಾಳೆ ಎಂದರು. ನಾಲ್ಕು ಜನ ಹಿಡಿದು ಕಾರಿನಲ್ಲಿ ಮಲಗಿಸಿ ಬಳ್ಳಾರಿಗೆ ತಂದೆವು. ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕ್ ಜಾರಿದೆ, ಒಂದೇ ದಿನದಲ್ಲಿ ಆದದ್ದಲ್ಲ, ಇನ್ನು ಬೈಕು ಹತ್ತುವಂತಿಲ್ಲ ಎಂದರು ಡಾಕ್ಟರು. ತಿಂಗಳೊಳಗೆ ಶಾಲೆಯವರು ಬೇರೆ ಟೀಚರನ್ನು ತಂದರು. ನಾಲ್ಕು ಗೋಡೆಯ ನಡುವೆ ಅಂಗಾತ ಮಲಗಿ ಅವಳು ಜಂತಿ ನೋಡುತ್ತಿದ್ದಳು. ನನಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ.

ಧೈರ್ಯವಿಲ್ಲದವನು ಮಾಡುವುದನ್ನೇ ಮಾಡಿದೆ. ಗಾಡಿ ತಗೊಂಡು ಹೋಗಿ ಮೇಸ್ತ್ರಿಯ ಮೇಲೆ ಕೂಗಾಡಿದೆ. ಅವರು ಕೈ ಒರೆಸಿಕೊಂಡು ಹ್ಯಾಂಡಲ್ ಹಿಡಿದರು.

"ಹಿಂದ ಕುಂದರ್ರಿ. ನೋಡೂಣು."

ನನ್ನದೇ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಕುರುಗೋಡಿನ ರಸ್ತೆಗೆ ಬಂದೆವು. ಎತ್ತಿದ ಮುಂಭಾಗದಿಂದ ಸೀಟು ಹಿಂದಕ್ಕೆ ಇಳಿಜಾರಾಗಿತ್ತು. ಜಾರದಿರಲು ಸೊಂಟ ಬಿಗಿಹಿಡಿಯಬೇಕು; ಬಿಗಿಹಿಡಿದ ಸೊಂಟಕ್ಕೆ ಪ್ರತಿ ಗುಂಡಿಯೂ ಕೆಳಗಿನಿಂದ ಒನಕೆಯಲ್ಲಿ ಕುಟ್ಟಿದಂತೆ ಕುಟ್ಟುತ್ತಿತ್ತು. ಮೊದಲ ಹಳ್ಳಿ ಬರುವ ಮುಂಚೆಯೇ ನಿಲ್ಲಿಸಿ ಎಂದು ಅವರ ಭುಜ ಹಿಡಿದೆ.

ಜಾಲಿಗಿಡದ ಪಕ್ಕ ನಿಲ್ಲಿಸಿದರು. ಇಳಿದು ಹಿಂದಿನ ಸೀಟಿನ ಮೇಲೆ ಕೈ ಇಟ್ಟು ಹೇಳಿದರು. "ತಪ್ಪು ನಂದೂ ಐತಿ ಸಾರ್. ಲಾರ್‍ಯಾಗ ಹಿಂದ ಅದಿರು ಇರ್ತೈತಿ. ಅದಕ್ಕ ಬೆನ್ನು ನೋಯಂಗಿಲ್ಲ. ಅದ ಲೆಕ್ಕದಾಗ ಮಾಡಿಬಿಟ್ಟೆ. ನೀವೂ ನಿಮ್ಮ ಕೈ ನೋವು ಹೇಳಿದ್ರಿ, ಹಿಂದಿನೋರ ಸುದ್ದಿ ಹೇಳಲಿಲ್ಲ."

ಮನೆಗೆ ಬಂದು ಮಂಚದ ಪಕ್ಕ ಕೂತು, ಇವತ್ತು ನಾನು ಹಿಂದೆ ಕೂತಿದ್ದೆ ಎಂದೆ. ಅವಳು ಜಂತಿಯಿಂದ ಕಣ್ಣು ಕೀಳಲಿಲ್ಲ.

"ಯಾಕ ಹೇಳಲಿಲ್ಲ ನೀನು?"

"ಹೇಳಿದ್ರ ಬಸ್ಸಿಗೆ ಹೋಗು ಅಂತಿದ್ರಿ. ಬಸ್ಸಿಗೆ ಹೋದ್ರ ತಡಾ ಆಗಿ ಸಾಲಿ ಹೋಗ್ತಿತ್ತು. ನಡದಷ್ಟು ದಿನ ನಡೀಲಿ ಅಂತ ಸುಮ್ಮನಿದ್ದೆ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಪೈಪಿನ ತುಂಡು ತೆಗೆಸಿದೆ, ಆಯಿಲ್ ಬದಲಿಸಿದೆ, ಮುಂಭಾಗ ಇಳಿಸಿದೆ. ಇಳಿಸಿ ಏನು ಬಂತು, ಹಿಂದೆ ಕೂರುವವರೇ ಇರಲಿಲ್ಲ. ಒಂದು ವಾರದ ನಂತರ, ತಿದ್ದಲು ತಂದು ಮನೆಯಲ್ಲೇ ಉಳಿದಿದ್ದ ತರಗತಿಯ ಮಕ್ಕಳ ನೋಟ್‌ಬುಕ್ಕುಗಳನ್ನು ಶಾಲೆಗೆ ಮುಟ್ಟಿಸಿ ಬನ್ನಿ ಎಂದಳು. ಮಲಗಿಕೊಂಡೇ ಎಲ್ಲವನ್ನೂ ತಿದ್ದಿ ಮುಗಿಸಿದ್ದಳು. ಕಟ್ಟನ್ನು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದು ಹೊರಟೆ. ಗುಂಡಿಗಳಲ್ಲಿ ಎಲ್ಲಿ ಜಾರಿ ಬೀಳುತ್ತದೋ ಎಂಬ ಭಯಕ್ಕೆ ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿ, ಇಳಿದು, ಹಿಂದೆ ಹೋಗಿ ನೋಡಿದೆ. ಎರಡನೆಯ ಸಲ ಹಗ್ಗ ಬಿಗಿಯುತ್ತಿದ್ದ ಕೈ ಅಲ್ಲೇ ನಿಂತಿತು. ಎರಡು ವರ್ಷ ಇದೇ ದಾರಿಯಲ್ಲಿ ಅವಳನ್ನು ಕೂರಿಸಿಕೊಂಡು ಹೋಗಿದ್ದೆ. ಒಂದು ದಿನವೂ ಹೀಗೆ ಇಳಿದು ನೋಡಿರಲಿಲ್ಲ.