ಅತ್ತೆಯ ‘ಉಟ್ಟು’

ಅತ್ತೆಯ ಕಾಲುಗಳ ಮೇಲೆ ಮೊಣಕಾಲಿನಿಂದ ಕೆಳಗೆಲ್ಲ ಜಿಗಣೆ ಕಚ್ಚಿದ ಕಪ್ಪು ಚುಕ್ಕೆಗಳಿದ್ದವು. ಕೋಪ ಬಂದಾಗ ಬಲಗಾಲಿನ ಹಿಮ್ಮಡಿಯಿಂದ ಎಡಗಾಲನ್ನು ಪರಪರ ಕೆರೆದುಕೊಳ್ಳುತ್ತಿದ್ದರು. ದಿನಕ್ಕೆ ಹತ್ತು ಸಲವಾದರೂ ಕೆರೆದುಕೊಳ್ಳುತ್ತಿದ್ದರು ಎಂದರೆ ಆ ಹೆಂಗಸು ಎಂಥವರೆಂದು ನೀವೇ ತಿಳಿದುಕೊಳ್ಳಿ. ಬೆಳಗ್ಗೆ ಎದ್ದರೆ ಮೊದಲು ಕೋಳಿಗೆ ಬೈಗುಳ, ಆಮೇಲೆ ಕುಕ್ಕರಿಗೆ, ಆಮೇಲೆ ಮೆಣಸಿನ ಬಳ್ಳಿಗೆ, ಕೊನೆಗೆ ನನಗೆ. ನಾನೇನು ಕಮ್ಮಿಯೇ? ನನ್ನ ಮೂಗಿನ ತುದಿಯಲ್ಲೂ ಕೋಪ ಸದಾ ಕೂತೇ ಇರುತ್ತದೆ.

ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕ ಜಮೀನು ಮಾಡಿದವರು. ಅಲ್ಲಿಂದ ನಾನು ಭಾಗಮಂಡಲದ ಕಡೆಯ, ಅರೆಭಾಷೆ ಎಂಬ ಕನ್ನಡ ಆಡುವ ಈ ಮನೆಗೆ ಸೊಸೆಯಾಗಿ ಬಂದೆ. ಬಂದ ವಾರದಲ್ಲೇ ಅತ್ತೆ ನನಗೆ ‘ಬಯಲುಸೀಮೆದು’ ಎಂದು ಹೆಸರಿಟ್ಟರು. ಒಂಬತ್ತು ವರ್ಷ ಅದೇ ಹೆಸರು. ನನ್ನ ಗಂಡ ಎಸ್ಟೇಟಿನಲ್ಲಿ ರೈಟರು. ಊರಿನ ಆಳುಗಳ ಹಾಜರಿ ಬರೆಯುವ ಮನುಷ್ಯ ಮನೆಯ ಜಗಳಕ್ಕೆ ಮಾತ್ರ ಯಾವತ್ತೂ ಗೈರುಹಾಜರು.

ನಮಗಿರುವುದು ಒಬ್ಬಳೇ ಮಗಳು. ಇರುವ ಒಂದು ಮಗುವಿಗೆ ಮನೆಯಲ್ಲಿ ಎರಡು ಸರ್ಕಾರ. ಏಳೂಮುಕ್ಕಾಲಿಗೆ ಸ್ಕೂಲಿನ ಜೀಪು ಬರುವಷ್ಟರಲ್ಲಿ ಒಂದು ಜಡೆ ನಾನು ಹೆಣೆದರೆ ಇನ್ನೊಂದನ್ನು ಅತ್ತೆ ಹೆಣೆಯುತ್ತಿದ್ದರು. ನನ್ನದು ಸಡಿಲ, ಅವರದು ಹುಬ್ಬು ಮೇಲೇರುವಷ್ಟು ಬಿಗಿ. ನಾನು ಡಬ್ಬಿಗೆ ಬ್ರೆಡ್ಡು ಜಾಮು ಹಾಕಿದರೆ ನನ್ನ ಕಣ್ಣು ತಪ್ಪಿಸಿ ಅದನ್ನು ತೆಗೆದು ಅಕ್ಕಿರೊಟ್ಟಿ ತುರುಕುತ್ತಿದ್ದರು. ಕೇಳಿದರೆ, “ಅದ್ ಎಂಥ ತಿಂಡಿ? ಸ್ಪಂಜು!” ಎಂದು ಕಾಲು ಕೆರೆದುಕೊಳ್ಳುತ್ತಿದ್ದರು.

ಇದನ್ನೆಲ್ಲ ನಾನು ಹಲ್ಲು ಕಚ್ಚಿ ಸಹಿಸಿಕೊಂಡೆ. ಒಂದು ವಿಷಯದಲ್ಲಿ ಮಾತ್ರ ಬಿಟ್ಟುಕೊಡಲಿಲ್ಲ. ಮಗಳು ಪುಸ್ತಕದ ಕನ್ನಡ ಮಾತಾಡಬೇಕು, ಇಂಗ್ಲಿಷ್ ಮಾತಾಡಬೇಕು, ಅರೆಭಾಷೆ ಬೇಡ. ಯಾಕೆ ಎಂದರೆ ನಾಚಿಕೆ, ಇನ್ನೇನೂ ಅಲ್ಲ. ಪೇಟೆಯ ಅಂಗಡಿಯಲ್ಲಿ ಅವಳು “ಅಮ್ಮಾ, ಅಲ್ಲಿ ಚಾಕ್ಲೇಟ್ ಉಟ್ಟು” ಎಂದು ಕೂಗಿದರೆ ನಾನು ಕುಗ್ಗಿಹೋಗುತ್ತಿದ್ದೆ. ಅರೆಭಾಷೆಯಲ್ಲಿ ‘ಉಟ್ಟು’ ಎಂದರೆ ‘ಇದೆ’. ನಮ್ಮ ಕಡೆ ಸೀರೆ ಉಡುತ್ತೇವೆ, ಪಂಚೆ ಉಡುತ್ತೇವೆ, ಅಷ್ಟೆ. ಅತ್ತೆ ನನ್ನ ಕಟ್ಟುಪಾಡಿಗೆ ಸೊಪ್ಪು ಹಾಕಲಿಲ್ಲ. ನಾನು ಪೇಟೆಯ ಔಷಧಿ ಅಂಗಡಿಯ ಕೆಲಸ ಮುಗಿಸಿ ಬರುವವರೆಗೆ ಮಗು ಅವರ ಸೆರಗಿನಲ್ಲೇ ಇರುತ್ತಿತ್ತು.

ಎರಡನೇ ಕ್ಲಾಸಿನ ಕನ್ನಡ ಪರೀಕ್ಷೆಯಲ್ಲಿ, ಚಿತ್ರ ನೋಡಿ ಐದು ವಾಕ್ಯ ಬರೆಯಿರಿ ಎಂದಿತ್ತು. ಮಗಳು ಬರೆದಳು: ಮರ ಉಟ್ಟು. ಹಕ್ಕಿ ಉಟ್ಟು. ಮನೆ ಉಟ್ಟು. ಹೊಳೆ ಉಟ್ಟು. ಹಸು ಉಟ್ಟು. ಐದಕ್ಕೆ ಸೊನ್ನೆ. ಸೊನ್ನೆ ಕೊಟ್ಟು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಟೀಚರು ಅದನ್ನು ಕ್ಲಾಸಿಗೆಲ್ಲ ಓದಿ ಹೇಳಿ, “ಮರ ಏನು ಉಟ್ಟಿದೆ? ಸೀರೆನೋ ಪಂಚೆನೋ?” ಎಂದು ಕೇಳಿದರಂತೆ. ಮಕ್ಕಳಿಗೆ ಇನ್ನೇನು ಬೇಕು? ಜೀಪಿನ ತುಂಬ ಅದೇ ತಮಾಷೆ. ಅಂದಿನಿಂದ ಮಗಳು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಹೆಸರು ಕೂಗಿದರೆ ಕೈ ಎತ್ತುವುದು, ಅಷ್ಟೆ. ಬಾತ್‌ರೂಮಿಗೆ ಹೋಗಬೇಕೆಂದು ಕೇಳಲಾರದೆ ಒಂದು ದಿನ ಒದ್ದೆ ಯೂನಿಫಾರ್ಮಿನಲ್ಲೇ ಮನೆಗೆ ಬಂದಳು.

ಟೀಚರು ನನ್ನನ್ನು ಕರೆಸಿದರು. ನನ್ನ ಮಾತಿನ ಧಾಟಿ ಕೇಳಿದ ಕೂಡಲೇ, “ಅಯ್ಯೋ, ನೀವು ನಮ್ ಕಡೆಯವ್ರೇ ಅಲ್ವಾ ಮೇಡಂ! ಮತ್ತೆ ಮಗೂಗ್ಯಾಕೆ ಈ ಭಾಷೆ?” ಎಂದು ನಕ್ಕರು. ನಾನೂ ನಕ್ಕೆ. ನನ್ನ ಮಗುವನ್ನು ನಗೆಪಾಟಲು ಮಾಡಿದವರ ಎದುರು ಕೂತು, “ಮನೇಲಿ ವಯಸ್ಸಾದವ್ರಿದ್ದಾರೆ ಮಿಸ್, ಏನ್ ಮಾಡೋದು” ಎಂದು ಹಲ್ಲು ಕಿರಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಆ ಸಿಟ್ಟನ್ನು ಟೀಚರ ಮೇಲೆ ತೋರಿಸುವ ಧೈರ್ಯ ನನಗಿರಲಿಲ್ಲ. ಮನೆಗೆ ಬಂದು ಅತ್ತೆಯ ಮೇಲೆ ಕಾರಿದೆ. ಕಣದಲ್ಲಿ ಮೆಣಸು ಹರವುತ್ತಿದ್ದರು. “ನಿಮ್ಮ ಬಾಯಿಂದ್ಲೇ ನನ್ ಮಗಳು ಮೂಗಿಯಾದ್ಳು. ಇನ್ಮೇಲೆ ಅವಳ ಹತ್ರ ನೀವು ಮಾತೇ ಆಡ್ಬೇಡಿ!” ಎಂದೆ. ಬೈಯುತ್ತಾರೆ, ನಾನೂ ನಾಲ್ಕು ಬೈಯುತ್ತೇನೆ ಎಂದುಕೊಂಡಿದ್ದೆ. ಅವರು ಕಾಲು ಕೆರೆದುಕೊಳ್ಳಲೂ ಇಲ್ಲ. ಮೆಣಸಿನ ಮೇಲೆ ಕೈ ಆಡಿಸುತ್ತಾ ಕೂತರು.

ಹನ್ನೊಂದು ದಿನ ಅತ್ತೆ ಮಗುವಿನ ಜೊತೆ ಮಾತಾಡಲಿಲ್ಲ. ಜಡೆ ಹೆಣೆಯುತ್ತಿದ್ದರು, ಅನ್ನ ಬಡಿಸುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಕೋಳಿಗಳಿಗೂ ಬೈಗುಳ ನಿಂತಿತು. ಮಗು ಮೊದಲು ಅಜ್ಜಿಯ ಹಿಂದೆ ಹಿಂದೆ ತಿರುಗಿತು, ಆಮೇಲೆ ತಾನೂ ಸುಮ್ಮನಾಯಿತು. ಶಾಲೆಯಲ್ಲಿ ಮಾತ್ರ ಮೂಕಿಯಾಗಿದ್ದವಳು ಈಗ ಮನೆಯಲ್ಲೂ ಮೂಕಿ. ಒಂದು ಸಂಜೆ ಶೂ ಬಿಚ್ಚುತ್ತಾ ನನ್ನನ್ನು ಮೆಲ್ಲಗೆ ಕೇಳಿದಳು, “ಸೊನ್ನೆ ಬಂದಿದ್ದಕ್ಕೆ ಅಜ್ಜಿಗೆ ನನ್ ಮೇಲೆ ಕೋಪನಾ?” ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ. ಯಾರ ತಪ್ಪು ಯಾರ ತಲೆಗೆ ಬಂತು ನೋಡಿ. ಅಷ್ಟಾದರೂ ನಾನು ಅತ್ತೆಯ ಹತ್ತಿರ ಹೋಗಿ ಮಾತಾಡಿಸಲಿಲ್ಲ. ಹಟ.

ಹನ್ನೆರಡನೇ ದಿನ ಶಾಲೆಯಲ್ಲಿ ಪೋಷಕರ ಸಭೆ. ಹೊರಡುವಾಗ ನೋಡಿದರೆ ಅತ್ತೆ ಮದುವೆಗೆ ಹೋಗುವ ಸೀರೆಯಲ್ಲಿ ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದಾರೆ! ನಾನು ಕರೆದಿರಲಿಲ್ಲ. ಟೀಚರ ಮೇಜಿನ ಮುಂದೆ ನನ್ನನ್ನು ಸರಿಸಿ ನಿಂತರು.

“ಮರ ಎಂಥ ಉಡುದು ಟೀಚರೆ? ಮರಕ್ಕೆ ಸೀರೆ ಬೇಡ. ಗೂಡೆ ಬರ್ದದ್ ಸರಿ ಉಟ್ಟು” ಎಂದರು. ಗೂಡೆ ಎಂದರೆ ಹುಡುಗಿ.

ಟೀಚರ ಮುಖ ಕೆಂಪಾಯಿತು. “ಅಜ್ಜಿ, ಪರೀಕ್ಷೇಲಿ ಪುಸ್ತಕದ ಭಾಷೆ ಬರೀಬೇಕು” ಎಂದರು.

“ಹಂಗಾರೆ ಬರೆಯುದ್ ಹೇಳಿಕೊಡಿ. ನೆಗಾಡ್ಬೇಡಿ. ಸೊನ್ನೆ ಕೊಡಿಕೆ ಇದ್ದರೆ ನಂಗೆ ಕೊಡಿ, ಗೂಡೆಗೆ ಬೇಡ.”

ನಾನು ಏನು ಮಾಡಿದೆ ಗೊತ್ತೆ? ಸುತ್ತ ಕೂತ ತಾಯಂದಿರ ಮುಖ ನೋಡಿ, “ಅತ್ತೆ, ಸುಮ್ನಿರಿ” ಎಂದು ಅವರ ತೋಳು ಹಿಡಿದೆಳೆದೆ. ಅವರು ಕೊಡವಿಕೊಂಡು ಹೊರಗೆ ನಡೆದರು. ಮಗಳು ನನ್ನ ಕೈ ಬಿಡಿಸಿಕೊಂಡು ಅವರ ಹಿಂದೆ ಓಡಿದಳು.

ಮರುದಿನ ಬೆಳಗ್ಗೆ ಜಡೆ ಹೆಣೆಯುವಾಗ ಅತ್ತೆಯ ದನಿ ಕೇಳಿಸಿತು. ಅಡುಗೆಮನೆಯಲ್ಲಿದ್ದ ನಾನು ಒಲೆ ಸಣ್ಣ ಮಾಡಿ ಕಿವಿಗೊಟ್ಟೆ.

“ಗೂಡೆ, ಶಾಲೆಲಿ?”

ಅತ್ತೆಯೇ ಮುಂದುವರಿಸಿದರು.

“ಶಾಲೆಲಿ ‘ಇದೆ’. ಮನೇಲಿ ‘ಉಟ್ಟು’. ಹೇಳ್ ನೋಡುಮ. ಶಾಲೆಲಿ?”

“ಇದೆ.”

“ಮನೇಲಿ?”

“ಉಟ್ಟು!”

ಮಗಳು ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ಕೇಳಿ! ಅಂದಿನಿಂದ ಜಡೆ ಮುಗಿಯುವವರೆಗೆ ದಿನಾ ಅದೇ ಆಟ. ಶಾಲೆಲಿ ‘ಹೋಗ್ತೇನೆ’, ‘ಬರ್ತೇನೆ’, ‘ಇಲ್ಲ’. ಮನೇಲಿ ಅದಕ್ಕೆಲ್ಲ ಬೇರೆ ಮಾತು. ಅತ್ತೆಗೆ ಪುಸ್ತಕದ ಮಾತು ತಿಳಿಯದಿದ್ದರೆ ಮಗಳೇ ಹೇಳಿಕೊಡುತ್ತಿದ್ದಳು, ಅತ್ತೆ ಬೇಕೆಂದೇ ತಪ್ಪು ಹೇಳಿ ಬೈಸಿಕೊಳ್ಳುತ್ತಿದ್ದರು. ಅಕ್ಷರ ಬಾರದ ಹೆಂಗಸಿಗೆ ಹೊಳೆದದ್ದು ಡಿಗ್ರಿ ಮಾಡಿದ ನನಗೆ ಹೊಳೆಯಲಿಲ್ಲ, ಟೀಚರಿಗೂ ಹೊಳೆಯಲಿಲ್ಲ. ನಾಲ್ಕನೇ ವಾರ ಮಗಳು ಜೀಪಿಳಿದು ಓಡಿಬಂದು, ಕ್ಲಾಸಿನಲ್ಲಿ ಎದ್ದು ನಿಂತು ಪದ್ಯ ಹೇಳಿದೆ ಎಂದು ಅಜ್ಜಿಗೆ ಹೇಳಿದಳು. ನನಗಲ್ಲ.

ಅವತ್ತು ನಾನು “ತಪ್ಪಾಯ್ತು ಅತ್ತೆ” ಎಂದೆ. “ಆಯ್ತ್, ಹೋಗ್, ಕೋಳಿಗೂಡು ಮುಚ್ಚು” ಎಂದು ಗದರಿದರು. ಅವರ ಕ್ಷಮೆ ಅಷ್ಟೇ ಉದ್ದ. ಮರುದಿನ ಡಬ್ಬಿಯಿಂದ ಮತ್ತೆ ಬ್ರೆಡ್ಡು ಮಾಯ.

ಈ ವರ್ಷ ಕಾಫಿ ಕುಯ್ಲು ಮುಗಿದ ವಾರ ಅತ್ತೆ ಕಣದಲ್ಲೇ ಕುಸಿದರು. ಮಡಿಕೇರಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಬೈಯುವುದಕ್ಕೂ ಪುರುಸೊತ್ತು ಕೊಡದೆ ಹೋದರಲ್ಲ ಎಂದು ನನಗೆ ಅವರ ಮೇಲೂ ಕೋಪವೇ.

ಮಗಳೀಗ ಮೂರನೇ ಕ್ಲಾಸು. ಕನ್ನಡದಲ್ಲಿ ಒಂದೂ ತಪ್ಪಿಲ್ಲ, ಎಲ್ಲೆಲ್ಲೂ ‘ಇದೆ’, ಮನೆಯಲ್ಲೂ ‘ಇದೆ’. ನಾನು ಬೇಕೆಂದು ಹಟ ಹಿಡಿದದ್ದು ಕೈಗೆ ಬಂದಿದೆ, ಅನುಭವಿಸುತ್ತಿದ್ದೇನೆ. ಮೊನ್ನೆ ಬೆಳಗ್ಗೆ ಎರಡೂ ಜಡೆ ನಾನೇ ಹೆಣೆಯುತ್ತಾ ಧೈರ್ಯ ಮಾಡಿ ಕೇಳಿದೆ.

“ಶಾಲೇಲಿ?”

ಮಗಳು ಬಗ್ಗಿ ಕಾಲುಚೀಲ ಎಳೆದುಕೊಂಡಳು.

“ಶಾಲೇಲಿ ‘ಇದೆ’. ಮನೇಲಿ ‘ಉಟ್ಟು’. ಅಲ್ವಾ ಪುಟ್ಟಾ?”

ನನ್ನ ಕೈಯಿಂದ ಜಡೆ ಕಿತ್ತುಕೊಂಡು ತಿರುಗಿದಳು. ಕಣ್ಣು ಕೆಂಪಾಗಿತ್ತು.

“ಅದು ಅಜ್ಜಿ ಮಾತು. ನೀನು ಆಡ್ಬೇಡ.”