ವೈನಿಯ ಪ್ರಶ್ನಾರ್ಥಕ ಚಿಹ್ನೆ

ಅವರ ಬಲಗೈ ತೋರುಬೆರಳಿನ ಉಗುರು ಅರ್ಧ ಅರಿಶಿನ, ಅರ್ಧ ಕೆಂಪು ಇಂಕು. ಕಸಬರಿಗೆಯ ಒಂದು ಕಡ್ಡಿ ಮುರಿದುಕೊಂಡು ಪ್ರೂಫ್ ಹಾಳೆಯ ಸಾಲಿನ ಕೆಳಗೆ ಇರುವೆ ನಡೆದಷ್ಟು ನಿಧಾನವಾಗಿ ಸರಿಸುತ್ತಿದ್ದರು. ಒಲೆಯ ಮೇಲೆ ಬೇಳೆ ಉಕ್ಕಿದರೂ ಆ ಕಡ್ಡಿ ಸಾಲು ಬಿಡುತ್ತಿರಲಿಲ್ಲ.

ಮಸ್ಕಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಅತ್ತಿಗೆಯ ಸಲುಗೆಯಿಂದ ನಾನು ವೈನಿ ಎನ್ನುತ್ತಿದ್ದೆ. ತೊಂಬತ್ತರ ದಶಕದ ನಡುವಿನಲ್ಲಿ ನಾನು ದಿನಾ ಬಸ್ಸಿಗೆ ಸಿಂಧನೂರಿಗೆ ಹೋಗಿ, ಒಂದು ಪ್ರೆಸ್ಸಿನ ಹೊಸ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದೆ. ವೈನಿಯ ಮಾವನವರು ನಿವೃತ್ತ ಹೆಡ್‌ಮಾಸ್ತರು. ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುವ ಬೀಸುವ ಪದಗಳ ಪುಸ್ತಕವೊಂದನ್ನು ನಮ್ಮಲ್ಲಿ ಅಚ್ಚಿಗೆ ಕೊಟ್ಟಿದ್ದರು. ಪದಗಳೆಲ್ಲ ವೈನಿಯ ಬಾಯಿಂದ ಬಂದವು, ಹೆಸರು ಮಾತ್ರ ಮಾಸ್ತರದು. ಪದಗಳಿಗೆ ಓರೆ ಅಕ್ಷರ, ತಮ್ಮ ವಿವರಣೆಗೆ ನೆಟ್ಟನೆಯ ಅಕ್ಷರ ಎಂದು ಅಪ್ಪಣೆಯಾಗಿತ್ತು. ಅವರ ಕಣ್ಣು ಮಂಜಾಗಿದ್ದರಿಂದ ಪ್ರೂಫ್ ನೋಡುವುದು ಸೊಸೆಯ ಪಾಲಿಗೆ ಬಂತು. ಹಾಳೆ ಒಯ್ದು ತರುವುದು ನನ್ನ ಪಾಲಿಗೆ, ಏಕೆಂದರೆ ವೈನಿ ಹೊಸ್ತಿಲು ದಾಟುವಂತಿರಲಿಲ್ಲ.

ಇದು ಬಣ್ಣ ಕಟ್ಟಿದ ಮಾತಲ್ಲ. ಗಂಡ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸಕ್ಕಿದ್ದು ತಿಂಗಳಿಗೊಮ್ಮೆ ಬರುತ್ತಿದ್ದ. ಅವನಿಲ್ಲದಾಗ ಸೊಸೆ ಹೊರಬೀಳಬಾರದೆಂದು ಮಾಸ್ತರ ಕಟ್ಟಪ್ಪಣೆ. ಅವನಿದ್ದಾಗ ಅಡುಗೆಮನೆಯಿಂದ ಪುರುಸೊತ್ತಿಲ್ಲ. ತವರು ಮುದಗಲ್ಲು, ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿದರೆ ಅರ್ಧ ದಿನದ ಹಾದಿಯೂ ಅಲ್ಲ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಒಮ್ಮೆ ಹೋಗಿದ್ದರಂತೆ, ತಂದೆಯ ಮಣ್ಣಿಗೆ. ಲಿಂಗಸುಗೂರು ಬಸ್ಸಿನ ಹಾರ್ನ್ ಕೇಳಿದಾಗ ಮಾತ್ರ ಆ ಕಡ್ಡಿ ಒಂದು ಗಳಿಗೆ ನಿಲ್ಲುತ್ತಿತ್ತು.

ವೈನಿಯ ತಿದ್ದುಪಡಿ ನನ್ನ ತಲೆ ತಿನ್ನುತ್ತಿತ್ತು. ವಿವರಣೆಯ ನಡುವೆ ಬಂದ ಪದದ ತುಣುಕನ್ನು ಓರೆ ಮಾಡುವಾಗ ನಾನು ಪಕ್ಕದ ಕಾಮಾವನ್ನೂ ಸೇರಿಸಿ ಓರೆ ಮಾಡಿಬಿಡುತ್ತಿದ್ದೆ. ಅವರು ಒಂದೊಂದಕ್ಕೂ ಕೆಂಪು ಸುತ್ತು ಹಾಕುತ್ತಿದ್ದರು. ಇದನ್ನು ಯಾವ ಪುಣ್ಯಾತ್ಮ ನೋಡುತ್ತಾನೆ ಎಂದು ನಾನು ನಕ್ಕೆ.

“ಪದ ನಮ್ಮವು, ಕಾಮಾ ಮಾವಾರದು. ಯಾರದು ಅವ್ರ ಕಡಿ ಇರ್ಲಿ ತಂಗಿ,” ಎಂದರು.

ಕೊನೆಯ ಪದ ಅವರು ತಾವೇ ಕಟ್ಟಿದ್ದು. ನನ್ನೊಬ್ಬಳಿಗೇ ಹೇಳಿದ್ದರು. ‘ಜ್ವಾಳ ಬೀಸೀನಿ, ನೀರ ತುಂಬೀನಿ, ತವರಿನ ಹಾದಿ ನನಗಿಲ್ಲ?’ ಆ ಪ್ರಶ್ನಾರ್ಥಕ ಚಿಹ್ನೆಯನ್ನು ನಾನು ನೆಟ್ಟಗೆ ಬಿಟ್ಟಿದ್ದೆ. ಅದೂ ಓರೆಯಾಗಬೇಕು, ಕೇಳುವವಳು ತಾನು, ಮಾವ ಅಲ್ಲ ಎಂದು ಎರಡು ಸುತ್ತು ಹಾಕಿದರು.

ಹಾಳೆ ಒಯ್ಯುವ ದಿನ ಮಾಸ್ತರು ಕಟ್ಟೆಯ ಮೇಲೆ ಕೂತು ಕೊನೆಯ ಪುಟ ಓದು ಎಂದರು. ನನ್ನ ದನಿ ಏರಿದ್ದು ಕೇಳಿ, ಅಲ್ಲೇನಿದೆ ಎಂದು ವಿಚಾರಿಸಿದರು. ಪ್ರಶ್ನಾರ್ಥಕ ಚಿಹ್ನೆ ಎಂದೆ.

“ಅದನ್ನ ತಗದು ಚುಕ್ಕಿ ಹಾಕು. ಚಲೋ ಮನಿ ಸೊಸಿ ಕೇಳಂಗಿಲ್ಲ, ತಿಳಕೊಂತಾಳ.”

ಬಾಗಿಲ ಹಿಂದೆ ವೈನಿ ನನ್ನ ಮುಖವನ್ನೇ ನೋಡುತ್ತಿದ್ದರು. ಎದುರಾಡಿದರೆ ಮಾಸ್ತರು ಪ್ರೆಸ್ಸಿನ ಮಾಲೀಕರಿಗೆ ಹೇಳಿಯಾರು, ನೌಕರಿ ಹೋದೀತು ಎಂದು ನನಗೆ ಭಯ. ಹೂಂ ಅಂದೆ. ಸಿಂಧನೂರಿಗೆ ಹೋಗಿ ಚುಕ್ಕಿ ಒತ್ತಿದೆ. ತವರಿನ ಹಾದಿ ನನಗಿಲ್ಲ ಎಂದು ಅವರ ಬಾಯಿಂದಲೇ ಒಪ್ಪಿಸಿದ ಹಾಗಾಯಿತು.

ಪುಸ್ತಕ ಬಂದ ದಿನ ಅವರ ಕಡ್ಡಿ ಕೊನೆಯ ಪುಟಕ್ಕೆ ಬಂದು ನಿಂತಿತು. “ಇರ್ಲಿ ಬಿಡು,” ಎಂದರು. “ನಿನಗೂ ಹೊಟ್ಟಿ ಐತಿ.” ಬೈದಿದ್ದರೆ ಹಗುರಾಗುತ್ತಿತ್ತು.

ಎರಡು ವರ್ಷಕ್ಕೆ ಅವರಿಗೆ ಕಾಮಾಲೆ ಹತ್ತಿತು. ಲಿಂಗಸುಗೂರಿನ ದವಾಖಾನೆಗೆ ಒಯ್ಯುವಾಗ ಹೊಸ್ತಿಲು ದಾಟಿದರು. ಮುದಗಲ್ಲು ಇನ್ನೂ ಮುಂದಿತ್ತು. ಅವರನ್ನು ದವಾಖಾನೆಯಿಂದಲೇ ಮಸ್ಕಿಗೆ ತಂದು ಮಣ್ಣು ಮಾಡಿದರು.

ಮರುವರ್ಷ ಮಾಸ್ತರು ಪುಸ್ತಕದ ಎರಡನೆಯ ಮುದ್ರಣಕ್ಕೆ ಬಂದರು. ಹಳೆಯ ಫ್ಲಾಪಿ ತೆಗೆದು ನಾನು ಮೊದಲು ಕೊನೆಯ ಪುಟಕ್ಕೇ ಹೋದೆ. ಚುಕ್ಕಿ ಅಳಿಸಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ, ಓರೆಯಾಗಿ. ಅವರಿದ್ದಾಗಲೇ ಹಾಕಬೇಕಿತ್ತು. ಪ್ರೂಫ್ ನೋಡಲು ಆ ಮನೆಯಲ್ಲಿ ಈಗ ಯಾರೂ ಇರಲಿಲ್ಲ. ಮಾಸ್ತರೇ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಕಾಣದೆ ಕೆಳಗಿಳಿಸಿ, ಎಲ್ಲ ಸರಿ ಇದೆಯೇನು ಎಂದು ಕೇಳಿದರು.

“ಈಗ ಸರಿ ಆತ್ರಿ ಸರ್,” ಅಂದೆ.

ಅವರು ತಡಕಾಡಿ, ಆ ಸಾಲಿನ ಕೆಳಗೇ ಸಹಿ ಮಾಡಿದರು.