ಒಂದು ಗೆರೆ ಬಿಟ್ಟು ಒಂದು ಗೆರೆ
ನಮ್ಮ ಬೀದಿಯ ಟಿವಿ ಅಂಗಡಿ ಯಜಮಾನರಿಗೆ ಗಿರಾಕಿ ಟಿವಿ ಕೊಳ್ಳದಿದ್ದರೂ ಚಿಂತೆಯಿಲ್ಲ, ಚಿತ್ರ ಹೇಗೆ ಮೂಡುತ್ತದೆಂದು ತಿಳಿಯದೆ ಮಾತ್ರ ಮೆಟ್ಟಿಲಿಳಿಯಕೂಡದು. ಮೊದಲು ಮೂಗು ಪರದೆಗೆ ತಾಗುವಷ್ಟು ಹತ್ತಿರ ನಿಲ್ಲಿಸಿ ಚುಕ್ಕಿಗಳನ್ನು ತೋರಿಸುತ್ತಾರೆ. ಆಮೇಲೆ, "ಹಳೇ ಟಿವಿ ಒಂದು ಗೆರೆ ಬಿಟ್ಟು ಒಂದು ಗೆರೆ ಬರೀತಿತ್ತು ಸಾರ್. ಬಿಟ್ಟಿದ್ದನ್ನ..." ಎಂದು ಅವರು ಉಸಿರೆಳೆದುಕೊಳ್ಳುವಷ್ಟರಲ್ಲಿ ಕೌಂಟರಿನ ಹಿಂದಿನಿಂದ ಅವರ ಹೆಂಡತಿ, "ಮುಂದಿನ ಸುತ್ತಲ್ಲಿ ತುಂಬ್ತಿತ್ತು. ಹೊಸದು ಒಂದೇ ಸುತ್ತಲ್ಲಿ ಎಲ್ಲಾ ಗೆರೆ ಬರಿಯುತ್ತೆ. ಇವರ ಮಾತು ಮಾತ್ರ ಇನ್ನೂ ಹಳೇ ಟಿವಿ!" ಎಂದು ಮುಗಿಸುತ್ತಿದ್ದರು. ಬೆಲೆ ಇವರು ಹೇಳಿದರೆ ರಿಯಾಯಿತಿ ಆಕೆಯದು. ಈಚೆಗೆ ಗಂಟಲಿನ ಆಪರೇಷನ್ ಆಗಿ ಆಕೆಯ ದನಿ ಹೋಯಿತು. ಯಜಮಾನರು ಈಗಲೂ "ಬಿಟ್ಟಿದ್ದನ್ನ..." ಎಂದು ನಿಲ್ಲುತ್ತಾರೆ, ಆಕೆಯ ತುಟಿಗಳು ಆಡಿ ಮುಗಿಯುವವರೆಗೂ ಕಾದು, ಗಿರಾಕಿಯ ಕಡೆ ತಿರುಗಿ, "ಕೇಳಿಸ್ತಲ್ಲ ಸಾರ್?" ಎನ್ನುತ್ತಾರೆ.